ಬೆನ್ನಿನ ಎಂಡೋಸ್ಕೋಪಿ ಆಪರೇಷನ್: ಡಾಕ್ಟರಿಗೆ ಪೂರ್ತಿ ಅಂಕ, ಬಿಲ್ಲಿಂಗ್ ಕೌಂಟರಿಗೆ ಸೊನ್ನೆ

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಆಪರೇಷನ್ ಮಾಡಿಸಿಕೊಂಡು ಬಂದೆ. ಹೇಗಿತ್ತು ಅಂತ ಒಂದೇ ಮಾತಲ್ಲಿ ಹೇಳುವುದಾದರೆ, ಕಾಲುನೋವು ಹೋಯಿತು, ಸೊಂಟನೋವು ಪೂರ್ತಿ ಹೋಗಲಿಲ್ಲ. ಇವೆರಡೂ ಬೇರೆ ಬೇರೆ ಅನ್ನೋದನ್ನ ಮೊದಲೇ ತಿಳಿದುಕೊಂಡು ಹೋಗಿ. ಇಲ್ಲದಿದ್ದರೆ ದುಡ್ಡು ಕೊಟ್ಟೂ ಬೇಜಾರು.

ನಾನು ದಾವಣಗೆರೆಯಲ್ಲಿ ಲೇಡೀಸ್ ಟೈಲರ್. ಮದುವೆ ಸೀಸನ್ ಬಂದರೆ ರಾತ್ರಿ ಹನ್ನೊಂದಾದರೂ ಮಿಷನ್ ಬಿಟ್ಟು ಏಳುವ ಹಾಗಿಲ್ಲ. ಸೊಂಟನೋವು ವರ್ಷಗಳಿಂದ ಇತ್ತು. ಎಣ್ಣೆ ತಿಕ್ಕಿಸಿದ್ದಾಯಿತು, ಬೆಲ್ಟ್ ಕಟ್ಟಿದ್ದಾಯಿತು, ಉಳುಕು ಹೋಗುತ್ತೆ ಅಂತ ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಸೊಂಟಕ್ಕೆ ಒದೆಸಿಕೊಂಡಿದ್ದೂ ಆಯಿತು. ಆಮೇಲೆ ನೋವು ಬಲಗಾಲಿಗೆ ಇಳಿಯಿತು. ತೊಡೆಯ ಪಕ್ಕದಿಂದ ಪಾದದ ಮೇಲಿನವರೆಗೆ ಚಳುಕು. ಅದನ್ನೂ ತಡ್ಕೊಂಡಿದ್ದೆ. ಹೆಬ್ಬೆರಳು ಮೇಲೆತ್ತಕ್ಕೆ ಆಗದೇ ಹೋದಾಗ ಮಾತ್ರ ಭಯ ಆಯಿತು. ನಡೆಯುವಾಗ ಚಪ್ಪಲಿ ಜಾರಿ ಹಿಂದೆ ಉಳಿದರೂ ಗೊತ್ತಾಗುತ್ತಿರಲಿಲ್ಲ. ಪೆಡಲ್ ತುಳಿಯುವ ಲಯ ತಪ್ಪಿ ಚಕ್ರ ಹಿಂದಕ್ಕೆ ತಿರುಗೋದು, ದಾರ ಕಿತ್ತು ಬರೋದು.

ಡಾಕ್ಟರ್ ಬಗ್ಗೆ ಎರಡು ಮಾತಿಲ್ಲ. ಎಂಆರ್‌ಐ ಫಿಲ್ಮ್ ನೋಡುವ ಮೊದಲು ನನ್ನನ್ನ ಮಲಗಿಸಿ ಕಾಲು ನೇರ ಎತ್ತಿ ನೋಡಿದರು. "ಅಮ್ಮಾ, ನನ್ನ ಕೈಗೆ ಎದುರಾಗಿ ಹೆಬ್ಬೆರಳು ಎತ್ತಿ" ಅಂದರು. ಬೆರಳು ಸೋತಿತು. ಸೊಂಟದ ಎಲ್-4 ಎಲ್-5 ಮೂಳೆಗಳ ನಡುವಿನ ಡಿಸ್ಕ್ ಹೊರಗೆ ಬಂದು ಕಾಲಿಗೆ ಹೋಗುವ ನರ ಒತ್ತುತ್ತಿದೆ ಅಂತ ಆಮೇಲೆ ಫಿಲ್ಮ್‌ನಲ್ಲಿ ತೋರಿಸಿದರು. ಹೀಗೆ ಡಿಸ್ಕ್ ಜಾರಿದವರಲ್ಲಿ ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ಮಾತ್ರೆ, ವ್ಯಾಯಾಮದಲ್ಲೇ ಕಡಿಮೆ ಆಗುತ್ತದಂತೆ. ನನ್ನದು ಆ ಅವಧಿ ದಾಟಿತ್ತು, ಬೆರಳಿನ ಶಕ್ತಿಯೂ ಇಳಿಯುತ್ತಿತ್ತು, ಅದಕ್ಕೇ ಆಪರೇಷನ್. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಡೇಟ್‌ಗೆ ಕಾಯದೆ ಆ ರಾತ್ರಿಯೇ ಬನ್ನಿ ಅಂತಲೂ ಹೇಳಿದರು.

ಎರಡು ದಾರಿ ಇತ್ತು. ಒಂದು, ಪೂರ್ತಿ ಅರಿವಳಿಕೆ ಕೊಟ್ಟು ಒಂದಿಂಚು ಕೊಯ್ದು ಮೈಕ್ರೋಸ್ಕೋಪಿನಲ್ಲಿ ಮಾಡುವುದು. ಇನ್ನೊಂದು, ಪಕ್ಕದಿಂದ 8 ಮಿಲಿಮೀಟರಿನಷ್ಟು ತೂತು ಮಾಡಿ ಎಂಡೋಸ್ಕೋಪ್, ಅಂದರೆ ಕ್ಯಾಮೆರಾ ಇರುವ ಸಣ್ಣ ಕೊಳವೆ, ಇಳಿಸುವುದು. ಕಾಲುನೋವಿನ ಮಟ್ಟಿಗೆ ಎರಡರ ಫಲಿತಾಂಶವೂ ಹೆಚ್ಚುಕಮ್ಮಿ ಒಂದೇ, ಸಣ್ಣ ತೂತಾದರೆ ಸ್ನಾಯು ಕಡಿಮೆ ಹಾಳಾಗಿ ಬೇಗ ಏಳಬಹುದು ಅಂತ ಅವರೇ ಬಾಯಿಬಿಟ್ಟು ಹೇಳಿದರು. ಆಸ್ಪತ್ರೆಯ ಬೋರ್ಡ್‌ನಲ್ಲಿ ಇಷ್ಟು ಪ್ರಾಮಾಣಿಕತೆ ಇರಲಿಲ್ಲ ಬಿಡಿ.

ಎಂಡೋಸ್ಕೋಪಿಯನ್ನೇ ಒಪ್ಪಿದೆ. ಬೋರಲು ಮಲಗಿಸಿದರು, ಜಾಗ ಮಾತ್ರ ಮರಗಟ್ಟಿಸಿದರು. ಸ್ವಲ್ಪ ಮಂಪರು ಇತ್ತು, ಆದರೆ ಮಾತು ಕೇಳಿಸುತ್ತಿತ್ತು. ನಡುನಡುವೆ "ಬೆರಳು ಆಡಿಸಿ" ಅನ್ನೋರು. ಒಂದು ಸಲ ಕಾಲಿಗೆ ಜೋರಾಗಿ ಚಳುಕು ಹೊಡೆಯಿತು, ಕೂಗಿಕೊಂಡೆ. ತಕ್ಷಣ ಕೈ ನಿಲ್ಲಿಸಿದರು. ಎಚ್ಚರ ಇಟ್ಟಿರೋದೇ ಅದಕ್ಕಂತೆ, ನರದ ಹತ್ತಿರ ಹೋದರೆ ಗೊತ್ತಾಗಲಿ ಅಂತ. ಹೆದರಿಕೆ ಇದ್ದವರು ಇದನ್ನ ಮೊದಲೇ ಮನಸ್ಸಿಗೆ ತಂದುಕೊಳ್ಳಿ, ಏನೂ ಗೊತ್ತಾಗಲ್ಲ ಅನ್ನೋದು ಸುಳ್ಳು. ಮುಗಿದ ಮೇಲೆ ಸಣ್ಣ ಬಾಟಲಿ ತಂದು ತೋರಿಸಿದರು. ಒಳಗೆ ಎಳನೀರಿನ ಗಂಜಿ ತರದ ಚೂರುಗಳು, ಆದರೆ ನೀಲಿ. ಹಾಳಾದ ಭಾಗ ಎದ್ದು ಕಾಣಲಿ ಅಂತ ಡಿಸ್ಕ್‌ಗೆ ಬಣ್ಣ ಬಿಟ್ಟಿರುತ್ತಾರಂತೆ. ಇಷ್ಟು ಸಣ್ಣ ಚೂರಿಗೆ ಅಷ್ಟು ನೋವಾ ಅನ್ನಿಸಿತು. ಗಾಯಕ್ಕೆ ಒಂದೇ ಹೊಲಿಗೆ. ಮನೆಗೆ ಬಂದು ಕನ್ನಡಿಯಲ್ಲಿ ನೋಡಿದೆ, ಗಂಟು ಅಚ್ಚುಕಟ್ಟಾಗಿತ್ತು. ಆ ವಿಷಯದಲ್ಲಿ ನನ್ನ ಮಾತು ನಂಬಬಹುದು.

ಸಂಜೆ ನರ್ಸ್ ಕೈ ಹಿಡಿದು ನಡೆಸಿದಾಗ ಕಾಲಿನ ಚಳುಕು ಇರಲಿಲ್ಲ. ಅದಂತೂ ನಿಜ.

ಈಗ ಬಿಲ್ಲಿನ ಕಥೆ. ಪ್ಯಾಕೇಜ್ ಅಂತ ಒಂದು ಮೊತ್ತ ಹೇಳಿದ್ದರು. ಡಿಸ್ಚಾರ್ಜ್ ದಿನ ನೋಡಿದರೆ ಒಮ್ಮೆ ಬಳಸಿ ಬಿಸಾಡುವ ಸಾಮಾನುಗಳ ಪಟ್ಟಿಯೇ ಬೇರೆ, ಎಲ್ಲಾ ಪ್ಯಾಕೇಜ್ ಮೇಲೆ. ಜನರಲ್ ವಾರ್ಡ್ ಖಾಲಿ ಇಲ್ಲ ಅಂತ ಸಿಂಗಲ್ ರೂಮಿಗೆ ಹಾಕಿದ್ದರು. ನನ್ನ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇದೆ. ಅದು ದಾಟಿದ್ದಕ್ಕೆ ಇನ್ಶೂರೆನ್ಸ್‌ನವರು ಬಾಡಿಗೆ ಒಂದನ್ನೇ ಅಲ್ಲ, ಡಾಕ್ಟರ್ ಫೀಸಿನಿಂದ ಹಿಡಿದು ಎಷ್ಟೋ ಬಾಬ್ತನ್ನ ಅದೇ ಪ್ರಮಾಣದಲ್ಲಿ ಕಡಿತ ಮಾಡಿದರು. ಕೌಂಟರಿನ ಹುಡುಗನಿಗೆ ಇದು ಮೊದಲೇ ಗೊತ್ತಿರಲ್ವಾ? "ಮೇಡಂ, ಟಿಪಿಎನವರನ್ನ ಕೇಳಿ" ಅಂತ, ಅಂದರೆ ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡಿಕೊಳ್ಳುವವರನ್ನ, ಮುಖ ಕೂಡ ಎತ್ತದೆ ಹೇಳಿದ. ಅಡ್ಮಿಟ್ ಆಗುವ ಮೊದಲೇ ರೂಮ್ ಮಿತಿ ಎಷ್ಟು, ಪ್ಯಾಕೇಜ್‌ನಲ್ಲಿ ಏನೇನು ಇಲ್ಲ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಹೊಸ ಪಾಲಿಸಿ ಆದರೆ ಇನ್ನೊಂದು ನೋಡಿ, ಬಹಳ ಪಾಲಿಸಿಗಳಲ್ಲಿ ಡಿಸ್ಕ್ ಕಾಯಿಲೆಗೆ ಎರಡು ವರ್ಷ ಕಾಯಬೇಕು.

"ಬೆಳಿಗ್ಗೆ ಆಪರೇಷನ್, ಸಂಜೆ ಮನೆ" ಅನ್ನೋ ಜಾಹೀರಾತನ್ನ ನಂಬಿ ಮದುವೆ ಆರ್ಡರ್ ಒಪ್ಪಿಕೊಳ್ಳಬೇಡಿ. ನಾನು ಊರಿಗೆ ರೈಲಿನಲ್ಲಿ ಮಲಗಿಕೊಂಡೇ ಬಂದೆ. ಬಗ್ಗುವ ಹಾಗಿಲ್ಲ, ಬಿಂದಿಗೆ ಎತ್ತುವ ಹಾಗಿಲ್ಲ, ತುಂಬಾ ಹೊತ್ತು ಕೂರುವ ಹಾಗಂತೂ ಇಲ್ಲವೇ ಇಲ್ಲ. ಅದೇ ಡಿಸ್ಕ್ ಮತ್ತೆ ಜಾರುವುದೂ ಉಂಟು. ಹೆಬ್ಬೆರಳಿಗೆ ಶಕ್ತಿ ಬಂದದ್ದು ನಿಧಾನಕ್ಕೆ, ಅದೂ ನಮ್ಮೂರ ಫಿಸಿಯೋಥೆರಪಿ ಹುಡುಗಿ ಬೈದು ಬೈದು ವ್ಯಾಯಾಮ ಮಾಡಿಸಿದ್ದಕ್ಕೆ. ಮಿಷನ್‌ಗೆ ಈಗ ಮೋಟರ್ ಹಾಕಿಸಿದ್ದೇನೆ. ಜಾಸ್ತಿ ಹೊತ್ತು ಕೂತರೆ ಸೊಂಟ ಈಗಲೂ ಹಿಡಿಯುತ್ತದೆ.

ನನ್ನದು ನೋಡಿ ನಮ್ಮ ಓಣಿಯ ಅಕ್ಕ ಒಬ್ಬರು ತಾವೂ ಮಾಡಿಸ್ತೀನಿ ಅಂತ ಹೊರಟಿದ್ದರು. ಅವರಿಗೆ ಜಾರಿರೋದು ಡಿಸ್ಕ್ ಅಲ್ಲ, ಮೂಳೆಯೇ ಮುಂದಕ್ಕೆ ಸರಿದಿದೆ. ಸ್ಕ್ರೂ ಹಾಕಬೇಕಾಗಬಹುದು, ಚೂರು ತೆಗೆದರೆ ಸಾಲದು ಅಂದರು ಡಾಕ್ಟರ್. ಹಾಗಾಗಿ ಬರೀ ರಿಪೋರ್ಟ್ ಹಾಳೆ ಹಿಡಿದು ಹೋಗಬೇಡಿ, ಎಂಆರ್‌ಐ ಫಿಲ್ಮ್ ತಗೊಂಡು ಹೋಗಿ, ಇಬ್ಬರು ಡಾಕ್ಟರಿಗಾದರೂ ತೋರಿಸಿ.