ಮಾಡೆಲ್ ರೈಲು ತಗೊಳ್ಳೋರು ಡಬ್ಬಿ ಮೇಲಿನ ಸ್ಟಿಕ್ಕರ್ ನೋಡ್ದೆ ದುಡ್ಡು ಕೊಡ್ಬೇಡಿ

ಇದನ್ನ ಆಗಲೇ ಬರೀಬೇಕಿತ್ತು, ತಡ ಆಯ್ತು. ಹುತ್ತರಿ ಹಬ್ಬ ಕಳೆದ ವಾರ, ನನಗೆ ಟೋಪಿ ಹಾಕಿದ ಮಾಡೆಲ್ ರೈಲು ಅಂಗಡಿ ಮುಂದೆ ಹಾದು ಹೋಗ್ವಾಗ ಹೈಸ್ಕೂಲ್ ಹುಡುಗ್ರಿಬ್ರು ಕೌಂಟರ್ ಗಾಜಿಗೆ ಮೂಗು ಒತ್ಕೊಂಡು ಒಳಗಿನ ಇಂಜಿನ್ ನೋಡ್ತಾ ಇದ್ರು, ಒಬ್ಬ ಕೈಯಲ್ಲಿ ನೋಟು ಎಣಿಸ್ತಾ ಇದ್ದ. ಅದನ್ನ ನೋಡಿದ ಮೇಲೆ ಸುಮ್ಮನಿರೋಕೆ ಆಗ್ಲಿಲ್ಲ.

ನಮ್ಮ ಕೊಡಗಲ್ಲಿ ರೈಲು ಹಳಿನೇ ಇಲ್ಲ, ಕುಶಾಲನಗರದ ತನಕ ಲೈನ್ ಬರುತ್ತೆ ಅಂತ ಕೇಳಿ ಕೇಳಿನೇ ದೊಡ್ಡೋರಾದ್ವಿ. ನಾನು ಮೊದಲ ಸಲ ಸ್ಟೀಮ್ ಇಂಜಿನ್ ಹತ್ತಿರದಿಂದ ನೋಡಿದ್ದು ಸ್ಕೂಲ್ ಟೂರಲ್ಲಿ, ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ. ಆವತ್ತಿಂದ ಹಿಡಿದ ಹುಚ್ಚು ಇದು. ಈಗ ಮನೆ ಹಿಂದಿನ ಹಳೇ ಕಾಫಿ ಗೋಡೌನ್ ಮೂಲೇಲಿ 8 ಅಡಿ 4 ಅಡಿ ಪ್ಲೈವುಡ್ ಮೇಲೆ ಪುಟ್ಟ ರೈಲಿನ ಹಳಿ ಹಾಸಿದ ಒಂದು ಲೇಔಟ್ ಇದೆ, ಎಚ್‌ಓ ಸ್ಕೇಲ್, ಅಂದ್ರೆ ನಿಜವಾದ ರೈಲಿನ 87ರಲ್ಲಿ 1 ಭಾಗ, ಎರಡು ಹಳಿ ನಡುವೆ 16.5 ಮಿಲಿಮೀಟರ್. ಕಸಿನ್ ಒಬ್ಬ ವರ್ಷಗಳ ಹಿಂದೆ ತಂದುಕೊಟ್ಟ ಸ್ಟಾರ್ಟರ್ ಸೆಟ್ಟಿಂದ ಶುರು ಆಗಿದ್ದು. ಅದರ ಹಳಿ ಹಿತ್ತಾಳೆದು. ನಮ್ಮ ಮಳೆ ಗೊತ್ತಲ್ಲ, ಜೂನ್ ಬಂತು ಅಂದ್ರೆ ಗೋಡೆಗೇ ಬೂಷ್ಟು ಹಿಡಿಯುತ್ತೆ, ಇನ್ನು ಹಿತ್ತಾಳೆ ಹಳಿ ವಾರಕ್ಕೊಂದು ಸಲ ಉಜ್ಜದಿದ್ರೆ ಕಪ್ಪಾಗಿ ಕರೆಂಟೇ ಪಾಸ್ ಆಗಲ್ಲ, ಇಂಜಿನ್ ಕುಂಟುತ್ತೆ. ಅದಕ್ಕೇ ನಿಕಲ್ ಸಿಲ್ವರ್ ಹಳಿ ಹಾಕೋಣ, ಜೊತೆಗೆ ಒಂದು ಒಳ್ಳೇ ಇಂಜಿನ್ ತಗೊಳ್ಳೋಣ ಅಂತ 2024ರ ಮಾರ್ಚಲ್ಲಿ ಕಾಫಿ ದುಡ್ಡು ಬಂದಾಗ ಆ ಅಂಗಡಿಗೆ ಹೋದೆ. ಊರು, ಅಂಗಡಿ ಹೆಸರು ಹಾಕಲ್ಲ, ಯಾವ ಅಂಗಡಿಯಲ್ಲೇ ಆದ್ರೂ ಈ ಮಾತುಗಳನ್ನ ಕೇಳಿದ್ರೆ ಎಚ್ಚರ ಆಗಿ, ಅಷ್ಟು ಸಾಕು.

ಒಂದು ಸ್ಟ್ರೈಟ್ ಪೀಸ್‌ಗೆ 620 ರೂಪಾಯಿ ಹೇಳಿದ್ರು. ಯಾಕಣ್ಣ ಇಷ್ಟು ಅಂದ್ರೆ "ಸಾರ್ ಇದರಲ್ಲಿ ಬೆಳ್ಳಿ ಬೆರೆಸಿರ್ತಾರೆ, ಬೆಳ್ಳಿ ರೇಟ್ ನೋಡಿದೀರಲ್ಲ" ಅಂದ್ರು. ನಾನು ನಂಬ್ಬಿಟ್ಟೆ. ನಿಕಲ್ ಸಿಲ್ವರ್‌ನಲ್ಲಿ ಒಂದು ಗುಲಗಂಜಿ ಬೆಳ್ಳಿನೂ ಇರಲ್ಲ, ತಾಮ್ರ, ನಿಕಲ್, ಸತು ಸೇರಿಸಿದ ಮಿಶ್ರಲೋಹ ಅದು, ಬಣ್ಣ ಬೆಳ್ಳಿ ಥರ ಇರೋದಕ್ಕೆ ಆ ಹೆಸರು. ಹಳಿ ಚೆನ್ನಾಗಿದೆ, ಮಳೆಗಾಲದಲ್ಲೂ ಪರವಾಗಿಲ್ಲ, ಅದರ ಬಗ್ಗೆ ದೂರಿಲ್ಲ. ದೂರು ಇರೋದು ಆ ಸುಳ್ಳಿನ ಬಗ್ಗೆ. ಹತ್ತು ಪೀಸ್, 6,200.

ಆಮೇಲೆ ಇಂಜಿನ್. ಮಾರ್ಕ್ಲಿನ್ ಕಂಪನಿದು, ಜರ್ಮನಿದು, ಕೈಲಿ ಹಿಡಿದ್ರೆ ಭಾರ, ಕಬ್ಬಿಣದ ತೂಕದ ಕಲ್ಲು ಹಿಡಿದ ಹಾಗೆ. 38,500. ನಾನು ಕ್ಲಿಯರ್ ಆಗಿ ಹೇಳ್ದೆ, ನನ್ನ ಹತ್ರ ಇರೋದು ಎರಡು ಹಳಿ ಡಿಸಿ ಸಿಸ್ಟಮ್ (ಎರಡೂ ಹಳಿಯಿಂದ್ಲೇ ಇಂಜಿನ್‌ಗೆ ಕರೆಂಟ್ ಬರೋದು), ಇದು ಓಡುತ್ತಾ ಅಂತ. "ಎಚ್‌ಓ ಅಂದ್ರೆ ಎಚ್‌ಓ ಸಾರ್, ಎಲ್ಲಾದ್ರ ಮೇಲೂ ಓಡುತ್ತೆ." ಓಡಿಸಿ ತೋರ್ಸಿ ಅಂದ್ರೆ ಟೆಸ್ಟ್ ಟ್ರ್ಯಾಕ್ ಇಲ್ಲ. ರೇಟ್ ಕಮ್ಮಿ ಮಾಡಿ ಅಂದ್ರೆ "ಡ್ಯೂಟಿ ಸಾರ್, ಇಂಪೋರ್ಟೆಡ್, ಗೌರ್ಮೆಂಟೇ ಅರ್ಧ ತಿನ್ನುತ್ತೆ". ಬಿಲ್ ಕೇಳಿದ್ದಕ್ಕೆ ಎಸ್ಟಿಮೇಟ್ ಅಂತ ಬರೆದ ಒಂದು ಚೀಟಿ ಕೊಟ್ರು, ಜಿಎಸ್‌ಟಿ ನಂಬರ್ ಇಲ್ಲ ಏನಿಲ್ಲ. ಪುಣ್ಯಕ್ಕೆ ದುಡ್ಡು ಕೊಟ್ಟಿದ್ದು ಯುಪಿಐಲಿ.

ಮನೆಗೆ ತಂದು ಹಳಿ ಮೇಲಿಟ್ಟು ಕಂಟ್ರೋಲರ್ ತಿರುಗಿಸಿದ್ರೆ ಇಂಜಿನ್ ಅಲ್ಲಾಡ್ಲಿಲ್ಲ, ಕಂಟ್ರೋಲರ್‌ನ ಕೆಂಪು ಲೈಟ್ ಹತ್ತಿ ಕಟ್ ಆಯ್ತು. ಮತ್ತೆ ಇಟ್ಟೆ, ಮತ್ತೆ ಕಟ್. ಬೆಂಗಳೂರಲ್ಲಿರೋ ಫ್ರೆಂಡ್‌ಗೆ ವಿಡಿಯೋ ಕಾಲ್ ಮಾಡಿದ್ರೆ ಅವನು ಅಂದ, ಇಂಜಿನ್ ಮಗುಚಿ ಹಾಕಿ ಹೊಟ್ಟೆ ತೋರ್ಸು. ಹೊಟ್ಟೆ ಅಡಿ ಉದ್ದಕ್ಕೂ ಒಂದು ತೆಳ್ಳನೆ ತಗಡಿನ ಪಟ್ಟಿ, ಬೆರಳಲ್ಲಿ ಒತ್ತಿದ್ರೆ ಸ್ಪ್ರಿಂಗ್ ಥರ ಒಳಗೆ ಹೋಗಿ ಬರುತ್ತೆ. ಅದೇ ಗುರುತಂತೆ. ಮಾರ್ಕ್ಲಿನ್ ಎಚ್‌ಓ ಇಂಜಿನ್‌ಗಳು ಹಳಿ ಮಧ್ಯದಲ್ಲಿ ಸಾಲಾಗಿರೋ ಸಣ್ಣ ಮೊಳೆಗಳಿಂದ ಆ ಪಟ್ಟಿ ಮೂಲಕ ಕರೆಂಟ್ ತಗೊಳ್ತವೆ, ಎರಡೂ ಕಡೆ ಚಕ್ರ ಒಂದಕ್ಕೊಂದು ಕನೆಕ್ಟ್ ಆಗಿರುತ್ತೆ, ಹಾಗಾಗಿ ನಮ್ಮ ಎರಡು ಹಳಿ ಟ್ರ್ಯಾಕ್ ಮೇಲಿಟ್ರೆ ಆ ಹಳಿಗೂ ಈ ಹಳಿಗೂ ನೇರ ಶಾರ್ಟ್. ಕಂಪನಿ ತಪ್ಪೇನಿಲ್ಲ, ಎರಡು ಹಳಿ ಸಿಸ್ಟಮ್‌ನೋರಿಗೆ ಅಂತಾನೇ ಅವರದೇ ಟ್ರಿಕ್ಸ್ ಅನ್ನೋ ಬ್ರ್ಯಾಂಡ್ ಇದೆ. ಮಾರೋನಿಗೆ ತಾನು ಏನು ಮಾರ್ತಿದೀನಿ ಅಂತ ಗೊತ್ತಿರ್ಬೇಕಿತ್ತು, ಇಲ್ಲಾಂದ್ರೆ ಗೊತ್ತಿಲ್ಲ ಅನ್ಬೇಕಿತ್ತು.

ವಾಪಸ್ ಕೊಡೋಣ ಅಂತ ಡಬ್ಬಿಗೆ ತುಂಬ್ತಾ ಇದ್ದಾಗ ಕಣ್ಣಿಗೆ ಬಿತ್ತು, ಅಂಗಡಿಯೋರ ರೇಟ್ ಸ್ಟಿಕ್ಕರ್ ಒಂದು ಮೂಲೆ ಎದ್ದಿತ್ತು, ನಮ್ಮ ತೇವಕ್ಕೆ ಗಮ್ ಬಿಟ್ಟಿರ್ಬೇಕು. ಉಗುರಲ್ಲಿ ಮೆಲ್ಲಗೆ ಎಬ್ಬಿಸಿದ್ರೆ ಕೆಳಗೆ ಇನ್ನೊಂದು ಬಿಳಿ ಸ್ಟಿಕ್ಕರ್, 129 ಯೂರೋ.

ಅಲ್ಲೇ ಕೂತು ಲೆಕ್ಕ ಹಾಕ್ದೆ. ಡ್ಯೂಟಿ ಜಾಸ್ತಿ ಅನ್ನೋದು ಸುಳ್ಳಲ್ಲ, ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಹೋಯ್ತು, 2023ರಲ್ಲಿ 70 ಆಯ್ತು, ಸ್ಕೇಲ್ ಮಾಡೆಲ್‌ಗಳೂ ಅದೇ ಗುಂಪಲ್ಲಿ ಬರ್ತವೆ. ಸರಿ, ಪೂರ್ತಿ 70 ಅಂತಾನೇ ಹಿಡೀರಿ. ಜರ್ಮನಿ ಅಂಗಡಿ ರೇಟಲ್ಲಿ ಅವರ ಶೇ 19 ತೆರಿಗೆ ಸೇರಿರುತ್ತೆ, ಎಕ್ಸ್‌ಪೋರ್ಟ್ ಆದ್ರೆ ಅದು ಬಿಡ್ತಾರೆ, ಉಳಿಯೋದು 108 ಯೂರೋ ಚಿಲ್ಲರೆ, ಆಗಿನ ರೇಟಲ್ಲಿ ಹತ್ತತ್ರ 9,800 ರೂಪಾಯಿ. ಶಿಪ್ಪಿಂಗ್‌ಗೆ ಒಂದೂವರೆ ಸಾವಿರ ಹಾಕಿ, 70 ಪರ್ಸೆಂಟ್ ಸುಂಕ ಹಾಕಿ, ಅದರ ಮೇಲೆ ಶೇ 18 ಜಿಎಸ್‌ಟಿ ಹಾಕಿ, ಸರ್‌ಚಾರ್ಜ್ ಅದು ಇದು ಎಲ್ಲ ಸೇರಿಸಿದ್ರೂ 24 ಸಾವಿರದ ಆಸುಪಾಸು. ಅಂಗಡಿ ಬಾಡಿಗೆ, ಲಾಭ ಅಂತ ಇನ್ನೊಂದು ಐದು ಸಾವಿರ ಕೊಡೋಕೆ ನಾನು ರೆಡಿ, ಅವರೂ ಬದುಕ್ಬೇಕು. 38,500 ಎಲ್ಲಿಂದ ಬಂತು?

ಅದಕ್ಕಿಂತ ಸಿಟ್ಟು ಬಂದಿದ್ದು ಅಂಗಡಿಗೆ ಹೋದಾಗ. ಹೊರದೇಶದಿಂದ ತಂದು ಮಾರೋ ಪ್ಯಾಕೆಟ್ ಮೇಲೆ ಇಂಪೋರ್ಟರ್ ಹೆಸರು, ವಿಳಾಸ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ ಇರ್ಲೇಬೇಕು, 2011ರ ಪ್ಯಾಕೇಜ್ಡ್ ಕಮಾಡಿಟೀಸ್ ರೂಲ್ಸ್ ಹಾಗೆ ಹೇಳುತ್ತೆ. ಈ ಡಬ್ಬಿ ಮೇಲೆ ಒಂದೂ ಇಲ್ಲ. ಇಂಪೋರ್ಟರ್ ಯಾರು ಅಂತ ಕೇಳಿದ್ರೆ "ನಮ್ಮ ಭಾವ ಬರುವಾಗ ಸೂಟ್‌ಕೇಸಲ್ಲಿ ತಂದಿದ್ದು ಸಾರ್" ಅಂತ ಬಾಯಿ ತಪ್ಪಿ ಅಂದ್ಬಿಟ್ರು. ಆಗ ಪ್ರಯಾಣಿಕರು ತಮ್ಮ ಲಗೇಜಲ್ಲಿ 50,000 ರೂಪಾಯಿವರೆಗಿನ ಸ್ವಂತ ಬಳಕೆ ಸಾಮಾನು ಸುಂಕ ಇಲ್ದೆ ತರ್ಬಹುದಿತ್ತು. ಹಾಗಾದ್ರೆ ನನ್ನ ಹತ್ರ ಡ್ಯೂಟಿ ಅಂತ ತಗೊಂಡಿದ್ದು ಯಾರಿಗೆ ಕಟ್ಟಿದ ಡ್ಯೂಟಿ? ಡ್ಯೂಟಿ ರಸೀದಿ ತೋರ್ಸಿ ಅಂದೆ. ಮಾರಿದ ಮಾಲು ವಾಪಸ್ ಇಲ್ಲ ಅಂದ್ರು.

ಹಾಗಾಗಿ ತಗೊಳ್ಳೋ ಮೊದಲು ಡಬ್ಬಿ ತಿರುಗಿಸಿ ಆ ಲೇಬಲ್ ಹುಡುಕಿ, ಇಲ್ಲಾಂದ್ರೆ ಡ್ಯೂಟಿ ಅನ್ನೋ ಮಾತಿಗೆ ಒಂದು ರೂಪಾಯಿನೂ ಜಾಸ್ತಿ ಕೊಡ್ಬೇಡಿ. ಇಂಜಿನ್ ಹೊಟ್ಟೆ ನೋಡಿ. ನಿಮ್ಮ ಹಳಿಯ ಎರಡು ತುಂಡು ಮತ್ತೆ ಕಂಟ್ರೋಲರ್ ಚೀಲದಲ್ಲಿ ಹಾಕ್ಕೊಂಡು ಹೋಗಿ, ಕೌಂಟರ್ ಮೇಲೇ ಓಡಿಸಿ ನೋಡಿ, ನಾಚ್ಕೋಬೇಡಿ. ಅಮೆರಿಕ, ಜಪಾನ್ ಸೆಟ್ ಆದ್ರೆ ಪವರ್ ಪ್ಯಾಕ್ ಮೇಲೆ ಎಷ್ಟು ವೋಲ್ಟ್ ಅಂತ ಓದಿ, ಅಲ್ಲಿ 120, 100 ವೋಲ್ಟ್, ನಮ್ಮ 230ಕ್ಕೆ ನೇರ ಹಾಕಿದ್ರೆ ಸುಟ್ಟು ಹೋಗುತ್ತೆ.

ನಾನು 1915ಕ್ಕೆ, ಅದೇ ಗ್ರಾಹಕ ಹೆಲ್ಪ್‌ಲೈನ್‌ಗೆ ಫೋನ್ ಮಾಡಿ ಚೀಟಿ, ಯುಪಿಐ ಸ್ಕ್ರೀನ್‌ಶಾಟ್, ಆ ಎರಡು ಸ್ಟಿಕ್ಕರ್ ಫೋಟೋ ಎಲ್ಲ ಕೊಟ್ಟು ದೂರು ದಾಖಲಿಸಿದೀನಿ. ಅದಾದ ಮೇಲೆ ಅಂಗಡಿಯಿಂದ ಫೋನ್ ಬಂತು, ದುಡ್ಡು ಕೊಡಲ್ಲ, ಬೇರೆ ಸಾಮಾನು ತಗೊಂಡು ಹೋಗಿ ಅಂತ. ಬೇಡ ಅಂದೆ. ಜನವರಿ ಒಳಗೆ ಇತ್ಯರ್ಥ ಆಗದಿದ್ರೆ ಮಡಿಕೇರಿ ಗ್ರಾಹಕ ಆಯೋಗಕ್ಕೆ ಹೋಗ್ತೀನಿ. ಆ ಹುಡುಗ್ರಿಗೆ ಆವತ್ತು ಹೊರಗೆ ಕರೆದು ಇಷ್ಟೂ ಹೇಳಿದೆ, ಭಾನುವಾರ ನಮ್ಮ ಗೋಡೌನ್‌ಗೆ ಬನ್ನಿ, ಮೊದಲು ಓಡೋ ರೈಲು ನೋಡಿ, ಆಮೇಲೆ ತಗೊಳ್ಳೋದು ಬಿಡೋದು ಯೋಚ್ನೆ ಮಾಡಿ ಅಂದಿದೀನಿ, ಬರ್ತೀವಿ ಅಂಕಲ್ ಅಂದಿದಾರೆ.