ಮೊದಲ ಮದುವೆಗೆ ‘ಸೆಕೆಂಡ್ ಕ್ಯಾಮೆರಾ’ ಅಂತ ಕರೀತಿದ್ದಾರಾ? ಹೋಗೋ ಮುಂಚೆ ಇದನ್ನ ಓದಿ

ಕಲಬುರಗಿ, ಆಳಂದ, ಜೇವರ್ಗಿ ಕಡೆ ಹವ್ಯಾಸಕ್ಕೆ ಕ್ಯಾಮೆರಾ ಹಿಡಿದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮದುವೆ ಸೀಜನ್ ನಡೀತಿದೆ. ಇವತ್ತೋ ನಾಳೆಯೋ ನಿಮ್ಮ ಇನ್‌ಸ್ಟಾಗ್ರಾಮ್‌ಗೂ ಒಂದು ಮೆಸೇಜ್ ಬರಬಹುದು. “ಭಾರಿ ತೆಗಿತೀರಿ ಸರ್. ನಮ್ಮ ಜೋಡಿ ಒಂದ್ ಮದುವಿಗಿ ಬರ್ರಿ. ಸೆಕೆಂಡ್ ಕ್ಯಾಮೆರಾ. ಆರಾಮ್ ಇರ್ತದ, ಕಲೀಲಿಕ್ಕೂ ಆಗ್ತದ.” ಸೆಕೆಂಡ್ ಕ್ಯಾಮೆರಾ ಅಂದರೆ ಮೇನ್ ಫೋಟೋಗ್ರಾಫರ್ ಜೊತೆ ನಿಂತು ತೆಗೆಯುವ ಎರಡನೆಯವನು. ನನಗೆ ಬಂದಿದ್ದು ಇದೇ ಮಾತು. ಮೋಸ ಶುರುವಾಗಿದ್ದೂ ಇದೇ ಮಾತಿನಿಂದ.

ನಾನು ಮದುವೆ ಫೋಟೋಗ್ರಾಫರ್ ಅಲ್ಲ. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ. ರಜೆ ಸಿಕ್ಕರೆ ಕೋಟೆ, ಹಫ್ತ್ ಗುಂಬಜ್, ಬುದ್ಧ ವಿಹಾರ ಸುತ್ತುತ್ತೇನೆ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುವವರ ಫೋಟೋ ಹಾಕಿದ್ದೆ, ಅದನ್ನು ನೋಡಿಯೇ ಅವನು ಮೆಸೇಜ್ ಮಾಡಿದ್ದು. ಊರಲ್ಲೇ ಸ್ಟುಡಿಯೋ ಇಟ್ಟುಕೊಂಡವನು. ಹೆಸರು ಹಾಕುವುದಿಲ್ಲ. ಹೆಸರು ಬೇಕಾಗಿಯೂ ಇಲ್ಲ, ಇಂಥವರು ಒಬ್ಬರೇ ಇಲ್ಲ.

ನನ್ನ ಹತ್ತಿರ ಇರುವುದು ಕ್ಯಾನನ್ 1500ಡಿ. ಅದರ ಜೊತೆ ಬಂದ 18-55 ಲೆನ್ಸ್, ಆಮೇಲೆ ಕೊಂಡ, ಜೂಮ್ ಆಗದ 50 ಎಂಎಂ 1.8 ಲೆನ್ಸ್. ಬೇರೆ ಫ್ಲ್ಯಾಶ್ ಇಲ್ಲ. ಮೆಮೊರಿ ಕಾರ್ಡ್ ಹಾಕುವ ಜಾಗವೂ ಒಂದೇ, ಅಂದರೆ ಕಾರ್ಡ್ ಕೈಕೊಟ್ಟರೆ ಮದುವೆಯೇ ಹೋಯಿತು. ದೊಡ್ಡ ಕ್ಯಾಮೆರಾದವರು ಎರಡು ಕಾರ್ಡ್ ಹಾಕಿ ಒಂದೇ ಫೋಟೋ ಎರಡೂ ಕಡೆ ಸೇವ್ ಮಾಡುವುದು ಇದೇ ಕಾರಣಕ್ಕೆ. ಇದೆಲ್ಲ ನಾನು ಅವನಿಗೆ ಮೊದಲೇ ಬಿಚ್ಚಿ ಹೇಳಿದ್ದೆ. ಯಾವತ್ತೂ ಮದುವೆ ತೆಗೆದಿಲ್ಲ ಅಂತಲೂ ಹೇಳಿದ್ದೆ. ಅವನ ಉತ್ತರ ಇನ್ನೂ ಫೋನಿನಲ್ಲಿದೆ: “ಟೆನ್ಷನ್ ಯಾಕ್ ತಗೋತೀರಿ? ಮೇನ್ ನಾ ಇರ್ತೀನಲ್ಲ. ಬಾಡಿ, ಫ್ಲ್ಯಾಶ್, ಲೈಟ್ ಎಲ್ಲಾ ನಂದೇ. ನೀವ್ ಸೈಡಿಗಿ ನಿಂತು ಕ್ಯಾಂಡಿಡ್ ಹೊಡಿರಿ ಸಾಕು.” ಬಾಡಿ ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ. ಕ್ಯಾಂಡಿಡ್ ಅಂದರೆ ಪೋಸ್ ಕೊಡಿಸದೆ, ಜನ ತಮ್ಮ ಪಾಡಿಗೆ ಇರುವಾಗ ತೆಗೆಯುವ ಫೋಟೋ.

ಎರಡು ದಿನಕ್ಕೆ 8,000 ಅಂತ ಮಾತಾಯಿತು. ಅಡ್ವಾನ್ಸ್ ಕೇಳಿದೆ. “ಒಂದೇ ಊರಾಗ ಇದ್ದು ಅಡ್ವಾನ್ಸ್ ಏನ್ ಕೇಳ್ತೀರಿ? ಮದುವಿ ಮುಗದ್ ದಿನಾನೇ ಫೋನ್‌ಪೇ ಮಾಡ್ತೀನಿ.”

ಈ ವ್ಯವಹಾರ ನಡೆಯುವುದು ಹೀಗೆ. ಸ್ಟೇಜ್, ಅಕ್ಕಿಕಾಳು, ಗ್ರೂಪ್ ಫೋಟೋ, ಆಯೇರಿ (ಉಡುಗೊರೆ ಕೊಡುವ ಶಾಸ್ತ್ರ) ಇದೆಲ್ಲ ಮೇನ್ ಕ್ಯಾಮೆರಾದವರ ಜವಾಬ್ದಾರಿ. ಸೆಕೆಂಡ್ ಕ್ಯಾಮೆರಾದವನು ಒಂದು ಗಳಿಗೆ ತಪ್ಪಿಸಿಕೊಂಡರೂ ಮೇನ್‌ನಲ್ಲಿ ಅದು ಇರುತ್ತದೆ. ಆ ಧೈರ್ಯ ಇರುವುದಕ್ಕೇ ಹೊಸಬರು ಒಪ್ಪಿಕೊಳ್ಳುವುದು ಅಲ್ವಾ?

ಮೊದಲ ದಿನ ಹುಡುಗಿ ಮನೆಯಲ್ಲಿ ಅರಿಶಿನ. ಅವನು ಬರಲಿಲ್ಲ. ವಿಡಿಯೋ ಹುಡುಗನನ್ನು ಕಳಿಸಿ “ಅರಶಿಣಕ್ಕ ನೀವೊಬ್ರೇ ಸಾಕ್ರಿ” ಅಂದ. ಅಂಗಳದಲ್ಲಿ ಬೆಳಕು ಚೆನ್ನಾಗಿತ್ತು. ಹುಡುಗಿಯ ಅಜ್ಜಿ ನಡುಗುವ ಕೈಯಲ್ಲಿ ಮೊಮ್ಮಗಳ ಗಲ್ಲಕ್ಕೆ ಅರಿಶಿನ ಹಚ್ಚಿದರು, ಹಸಿರು ಬಳೆಗೆಲ್ಲ ಹಳದಿ ಮೆತ್ತಿತ್ತು. ಆ ಫೋಟೋ ನೆನಪಿಡಿ, ಮುಂದೆ ಬರುತ್ತದೆ.

ಎರಡನೇ ದಿನ ಆಳಂದ ರಸ್ತೆಯ ಮಂಟಪ. ಬೆಳಿಗ್ಗೆ ಹೋಗಿ ನೋಡಿದರೆ ಲೈಟ್ ಇಲ್ಲ, ಫ್ಲ್ಯಾಶ್ ಇಲ್ಲ, ಅವನೂ ಇಲ್ಲ. ಫೋನ್ ಮಾಡಿದೆ. “ಹುಮನಾಬಾದ್ ದಾಟೀನ್ರಿ, ಬರ್ಲಾಕತ್ತೀನಿ.” ಆಮೇಲೆ ಮಾಡಿದರೆ “ಗಾಡಿ ಪಂಚರ್ ಆಗ್ಯಾದ್ರಿ, ನೀವ್ ಶುರು ಮಾಡ್ರಿ.” ಅದಾದ ಮೇಲೆ ಸ್ವಿಚ್ ಆಫ್.

ಅಷ್ಟರಲ್ಲಿ ಹುಡುಗಿಯ ಕಾಕಾ ನಗುತ್ತಾ ಬಂದು ಕೈ ಹಿಡಿದುಕೊಂಡರು. “ಬೆಂಗಳೂರಿಂದ ಕ್ಯಾಂಡಿಡ್‌ನವ್ರು ಬರ್ತಾರ ಅಂದಿದ್ರು, ನೀವೇ ಏನ್ರಿ? ನಾಷ್ಟಾ ಆಯ್ತಾ?” ನನಗೆ ಮಾತೇ ಹೊರಡಲಿಲ್ಲ. ಯಾವ ಬೆಂಗಳೂರು? ನನ್ನ ಮನೆ ಇರುವುದು ಸೇಡಂ ರಸ್ತೆಯಲ್ಲಿ! ವಿಡಿಯೋ ಹುಡುಗನನ್ನು ಮೂಲೆಗೆ ಕರೆದು ಕೇಳಿದೆ. ಅವನು ನೆಲ ನೋಡುತ್ತಾ ಹೇಳಿದ: “ಅವ್ರು ಇವತ್ತು ಬೀದರ್‌ನಾಗ ಇನ್ನೊಂದ್ ಮದುವಿಗಿ ಹೋಗ್ಯಾರ್ರಿ ಸರ್. ಇಲ್ಲಿ ಮೇನ್ ನೀವೇ. ನಿಮಗ ಹೇಳಿಲ್ಲೇನ್ರಿ?”

ಒಂದೇ ಮುಹೂರ್ತ, ಎರಡು ಬುಕಿಂಗ್. ಒಂದಕ್ಕೆ ತಾನು, ಇನ್ನೊಂದಕ್ಕೆ ನಾನು. ಯಾವತ್ತೂ ಮದುವೆ ತೆಗೆದಿಲ್ಲ ಅಂತ ಬರೆದು ಕಳಿಸಿದ ನನ್ನನ್ನೇ ಆ ಮನೆಯವರಿಗೆ ಬೆಂಗಳೂರಿನವನು ಅಂತ ಮಾರಿದ್ದಾನೆ. ‘ಇಲ್ಲಿ ಮೇನ್ ನೀವೇ’ ಅನ್ನುವ ಮಾತು ಈಗಲೂ ಕಿವಿಯಲ್ಲಿದೆ. ಮೈಯೆಲ್ಲ ಉರಿದುಹೋಯಿತು. ನಾಚಿಕೆಯೂ ಆಯಿತು, ಏಕೆಂದರೆ ಆ ಕಾಕಾ ಇನ್ನೂ ನನ್ನ ಕಡೆ ನೋಡಿ ನಗುತ್ತಿದ್ದರು.

ಎದ್ದು ಬರಬೇಕಿತ್ತು ಅಂತ ಗೆಳೆಯರು ಅನ್ನುತ್ತಾರೆ. ಹೇಗೆ ಬರುವುದು? ಒಳಗೆ ಆ ಹುಡುಗಿ ಬಾಸಿಂಗ ಕಟ್ಟಿಕೊಂಡು ಕೂತಿದ್ದಾಳೆ. ಅವಳ ಮದುವೆ ಇನ್ನೊಂದು ಸಲ ಆಗುತ್ತದಾ?

ತೆಗೆದೆ. ಸ್ಟೇಜಿನ ತುಂಬ ನೇರಳೆ ಬಣ್ಣದ ಎಲ್‌ಇಡಿ, ಎಲ್ಲರ ಮುಖವೂ ನೇರಳೆ. ಆ ಕ್ಯಾಮೆರಾದಲ್ಲಿ 50 ಎಂಎಂ ಹಾಕಿದರೆ ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 80 ಹಾಕಿದಷ್ಟು ಹತ್ತಿರ ಕಾಣುತ್ತದೆ. ಬೀಗರ ಗ್ರೂಪ್ ಹಿಡಿಯಲು ಹಿಂದೆ ಹಿಂದೆ ಸರಿದರೆ ಸ್ಟೇಜೇ ಮುಗಿಯುತ್ತದೆ. ಲೆನ್ಸ್ ಬದಲಿಸಿ 18-55 ಹಾಕಿ ಜೂಮ್ ಮಾಡಿದರೆ f/5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ, ಒಳಗೆ ಬರುವ ಬೆಳಕು ಸಾಲುವುದಿಲ್ಲ. ಕಡಿಮೆ ಬೆಳಕಲ್ಲೂ ಫೋಟೋ ಬರಲಿ ಅಂತ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 6400ಕ್ಕೆ ಏರಿಸಿದೆ, ಫೋಟೋದಲ್ಲಿ ಕಾಳು ಕಾಳು. ಅಕ್ಕಿಕಾಳು ಹಾಕುವಾಗಂತೂ ಎಲ್ಲರೂ ಎದ್ದು ನಿಂತರು, ಮುಂದೆ ಬರೀ ಮೊಬೈಲ್ ಹಿಡಿದ ಕೈಗಳು. ಅದು ಮುಗಿಯುವುದೇ ಕ್ಷಣದಲ್ಲಿ. ಕುರ್ಚಿ ಹತ್ತಿ ನಿಂತು ಹಿಡಿದೆ. ಸಿಕ್ಕಿತು. ಸಿಗದೇ ಹೋಗಿದ್ದರೆ ಆ ಮನೆಯವರಿಗೆ ಯಾರು ಉತ್ತರ ಕೊಡುತ್ತಿದ್ದರು?

ಆಯೇರಿ ಮುಗಿಯುವ ಹೊತ್ತಿಗೆ ಬೈಕಿನಲ್ಲಿ ಒಬ್ಬ ಹುಡುಗ ಬಂದ. “ಕಾರ್ಡ್ ಕೊಡ್ಬೇಕಂತ್ರಿ.” ನಾನು ಕಾರ್ಡ್ ಕೊಡಲಿಲ್ಲ. ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಮರುದಿನ ಪೆನ್‌ಡ್ರೈವ್‌ನಲ್ಲಿ ಕಾಪಿ ಕೊಟ್ಟೆ. ಇಡೀ ಕಥೆಯಲ್ಲಿ ನನ್ನನ್ನು ಉಳಿಸಿದ್ದು ಇದೊಂದೇ.

ಆಮೇಲೆ ದುಡ್ಡು ಕೇಳಿದಾಗ ಬಂದ ಉತ್ತರಗಳನ್ನು ಹಾಗೇ ಹಾಕುತ್ತಿದ್ದೇನೆ. ಮೊದಲು: “ಪಾರ್ಟಿ ಇನ್ನಾ ರೊಕ್ಕ ಕೊಟ್ಟಿಲ್ರಿ.” ಹುಡುಗಿಯ ಅಣ್ಣನಿಗೆ ಫೋನ್ ಮಾಡಿದರೆ ಅವರು ಮದುವೆ ದಿನವೇ ಬಾಕಿಯನ್ನೆಲ್ಲ ಚುಕ್ತಾ ಮಾಡಿದ್ದಾರೆ. ಒಟ್ಟು 70,000! ಇಬ್ಬರು ಫೋಟೋಗ್ರಾಫರ್, ವಿಡಿಯೋ, 12x36 ಇಂಚಿನ ಆಲ್ಬಮ್ ಎಲ್ಲ ಸೇರಿ. ಇದನ್ನು ಅವನಿಗೆ ಹೇಳಿದೆ. ಆಗ ಮಾತು ತಿರುಗಿತು: “ನಿಮ್ ಫೋಟೋ ಎಲ್ಲಾ ಬ್ಲರ್ ಅವ. ಕಸ್ಟಮರ್ ನನಗ ಬೈದಾರ. ಖರೆ ಅಂದ್ರ ನೀವೇ ನನಗ ಲಾಸ್ ತುಂಬಿ ಕೊಡ್ಬೇಕು.”

ನಾನೇ ಲಾಸ್ ತುಂಬಿ ಕೊಡಬೇಕಂತೆ!

ಅದೇ ವಾರ ಅವನ ಸ್ಟುಡಿಯೋ ಪೇಜಿನಲ್ಲಿ ಅಜ್ಜಿಯ ಅರಿಶಿನದ ಫೋಟೋ ಬಂತು. ಮೂಲೆಯಲ್ಲಿ ಅವನ ಸ್ಟುಡಿಯೋದ ಮೊಹರು. ಕೆಳಗೆ ಜನ ಹೊಗಳಿದ್ದೇ ಹೊಗಳಿದ್ದು, ಇವನು ಎಲ್ಲರಿಗೂ ಕೈಮುಗಿಯುತ್ತಾ ಕೂತಿದ್ದಾನೆ. “ಬ್ಲರ್ ಆದ ಫೋಟೋ ಯಾಕೆ ಹಾಕಿದ್ದೀರಿ ಅಣ್ಣಾ?” ಅಂತ ಕೇಳಿದೆ. “ಕಸ್ಟಮರ್ ನಮ್ಮಾವ್ರು, ಫೋಟೋನೂ ನಮ್ದೇ” ಅಂದ. ಕಾಪಿರೈಟ್ ಬಗ್ಗೆ ಕೇಳಿದ್ದಕ್ಕೆ “ನಮಗ ಕಾಯ್ದೆ ಕಲಸ್ತೀರೇನ್ರಿ?” ಅಂತ ಬರೆದು ಬ್ಲಾಕ್ ಮಾಡಿದ.

ಕಾಯ್ದೆ ವಿಷಯ ನಿಮಗೂ ಗೊತ್ತಿರಲಿ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ತೆಗೆದವರೇ ಫೋಟೋದ ಮೊದಲ ಹಕ್ಕುದಾರರು. ಆದರೆ ಯಾರಾದರೂ ದುಡ್ಡಿನ ಮೇಲೆ ಹೇಳಿ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಹಕ್ಕು ತೆಗೆಸಿದವರಿಗೆ ಹೋಗುತ್ತದೆ. ಅಂದರೆ ಫೋಟೋ ಯಾರದು, ನಿಮ್ಮ ಪೇಜಿನಲ್ಲಿ ಹಾಕಬಹುದಾ ಅನ್ನುವುದನ್ನು ಮದುವೆಗೆ ಮುಂಚೆಯೇ ಬರೆಸಿಕೊಳ್ಳಬೇಕು. ವಾಟ್ಸಾಪ್‌ನಲ್ಲಾದರೂ ಸರಿ, ಅಕ್ಷರದಲ್ಲಿ ಇರಲಿ. ಅರ್ಧ ದುಡ್ಡು ಮೊದಲು. ಮದುವೆ ಮನೆಯವರ ನಂಬರ್ ಮೊದಲು, ಅವರಿಗೆ ನೀವು ಯಾರು ಅಂತ ನೀವೇ ಹೇಳಿ. ಮೇನ್ ಫೋಟೋಗ್ರಾಫರ್ ಅರಿಶಿನಕ್ಕೆ ಬರಲಿಲ್ಲ ಅಂದರೆ ಅದೇ ರಾತ್ರಿ ಮನೆಯವರಿಗೆ ತಿಳಿಸಿ, ಅವರಿಗೆ ಬೇರೆಯವರನ್ನು ಹುಡುಕಲು ಒಂದು ರಾತ್ರಿಯಾದರೂ ಸಿಗುತ್ತದೆ. ಕಾರ್ಡ್ ಮಾತ್ರ ಯಾರ ಕೈಗೂ ಕೊಡಬೇಡಿ. ಯಾರ ಕೈಗೂ!

ಮೊನ್ನೆ ಹುಡುಗಿಯ ಅಣ್ಣ ಫೋನ್ ಮಾಡಿದ್ದರು. ಆಲ್ಬಮ್ ಇನ್ನೂ ಬಂದಿಲ್ಲವಂತೆ, ಅವರ ಫೋನನ್ನೂ ಇವನು ಎತ್ತುತ್ತಿಲ್ಲ. ನಾನು ಬೆಂಗಳೂರಿನವನಲ್ಲ, ಇದು ನನ್ನ ಮೊದಲ ಮದುವೆ ಅಂತ ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಆಯಿ ಫೋಟೋ ಅದಾವಲ್ರಿ?” ಅಂದರು. ಆಯಿ ಅಂದರೆ ಅರಿಶಿನ ಹಚ್ಚಿದ ಆ ಅಜ್ಜಿ. ಇದ್ದ ಫೋಟೋಗಳನ್ನೆಲ್ಲ ಗೂಗಲ್ ಡ್ರೈವ್‌ನಲ್ಲಿ ಕಳಿಸಿದೆ. ದುಡ್ಡು ಕೊಡುತ್ತೇನೆ ಅಂದರು, ಬೇಡ ಅಂದೆ. ಅವರು ಒಂದು ಸಲ ಕೊಟ್ಟಾಗಿದೆ, ಅದು ಬೇರೆಯವನ ಜೇಬಿನಲ್ಲಿದೆ.

ಇದಾದ ಮೇಲೆ ಅವನು ಬೇರೆ ನಂಬರಿನಿಂದ ಫೋನ್ ಮಾಡಿ “ನನ್ನ ಕಸ್ಟಮರ್‌ಗೆ ಡೈರೆಕ್ಟ್ ಯಾಕ್ ಕೊಟ್ರಿ?” ಅಂತ ಕೂಗಾಡಿದ. ನನ್ನ 8,000 ಬಗ್ಗೆ ಒಂದು ಮಾತೂ ಇಲ್ಲ. ಇಷ್ಟಾದರೂ ಸುಮ್ಮನಿದ್ದೆ. ಆದರೆ ನಿನ್ನೆ ಶಹಾಬಾದಿನ ಪರಿಚಯದ ಹುಡುಗ ಒಂದು ಮೆಸೇಜ್ ತೋರಿಸಿದ. “ಭಾರಿ ತೆಗಿತೀರಿ ಸರ್. ಸೆಕೆಂಡ್ ಕ್ಯಾಮೆರಾ.” ಅದೇ ನಂಬರ್, ಅದೇ ಮಾತು. ಅದಕ್ಕೇ ಕೂತು ಇಷ್ಟು ಬರೆದಿದ್ದು. ನಿಮಗೂ ಇಂಥ ಮೆಸೇಜ್ ಬಂದಿದ್ದರೆ ಒಪ್ಪಿಕೊಳ್ಳುವ ಮುಂಚೆ ನನ್ನನ್ನು ಕೇಳಿ, ನನ್ನ ಚಾಟ್ ಪೂರ್ತಿ ತೋರಿಸುತ್ತೇನೆ.