ಮೈಸೂರಿನ ದೇವರಾಜ ಮಾರುಕಟ್ಟೆಯ ಅತ್ತರಂಗಡಿ: ಲಾವಂಚಕ್ಕೆ ಹೋಗಿ, ಮಲ್ಲಿಗೆಗೆ ಬೇಡ

ಹೂವಿನ ಸಾಲು ದಾಟಿ ಕುಂಕುಮದ ಅಂಗಡಿಗಳ ಕಡೆ ತಿರುಗಿದರೆ ಸಿಗುವ ಕಿಷ್ಕಿಂಧೆಯಂಥ ಅಂಗಡಿ ಇದು. ಬೋರ್ಡಿನ ಮೇಲೆಲ್ಲ ಊದಿನಕಡ್ಡಿ ಕಟ್ಟು ನೇತುಹಾಕಿದ್ದಾರೆ, ಹೆಸರು ಓದೋಕೇ ಆಗಲಿಲ್ಲ. ಇಬ್ಬರು ನಿಂತರೆ ಮೂರನೆಯವರು ಹೊರಗೇ ನಿಲ್ಲಬೇಕು. ಮಗಳ ಮದುವೆಗೆ ಬಂದವರ ಕೈಗೆ ಹಚ್ಚಲು ಅತ್ತರು ಬೇಕು ಅಂತ ಮಂಡ್ಯದಿಂದ ನಾನು, ನಮ್ಮತ್ತೆ ಹೋಗಿದ್ದೆವು.

ಮೊದಲು ಮೆಚ್ಚಿದ್ದನ್ನ ಹೇಳ್ತೀನಿ. ಅಂಗಡಿಯವರು ಶೀಷೆಯನ್ನ ಮೂಗಿಗೆ ಹಿಡಿಯಲೇ ಇಲ್ಲ. ಗಾಜಿನ ಕಡ್ಡಿ ಅದ್ದಿ ಮುಂಗೈ ಮೇಲೆ ಒಂದು ಗೆರೆ ಎಳೆದು, "ಈಗ್ಲೇ ತಗೋಬೇಡಿ ಅಕ್ಕ, ತರಕಾರಿ ಮುಗಿಸ್ಕೊಂಡು ಬನ್ನಿ, ಆಮೇಲೆ ಹೇಳಿ" ಅಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನನಗೆ ಈ ಮಾತು ತುಂಬ ಹಿಡಿಸಿತು. ಹಗುರ ಅಣುಗಳು ಮೊದಲು ಹಾರಿಹೋಗುತ್ತವೆ. ನಿಂಬೆಯದೋ ಕಿತ್ತಳೆಯದೋ ಘಮ ಗಮ್ಮಂತ ಎದ್ದು ಸ್ವಲ್ಪ ಹೊತ್ತಿಗೇ ಮಾಯ. ಲಾವಂಚದ ಬೇರಿನ ಎಣ್ಣೆ, ಶ್ರೀಗಂಧಕ್ಕೆ ಘಮ ಕೊಡುವ ಸ್ಯಾಂಟಲಾಲ್ ಇವೆಲ್ಲ ಭಾರದವು, ನಿಧಾನಕ್ಕೆ ಆವಿಯಾಗುತ್ತವೆ. ಶೀಷೆ ಮೂಸಿದರೆ ಸಿಗುವುದು ಬರೀ ಮುಂಚೂಣಿಯವರ ವಾಸನೆ.

ಸೊಪ್ಪು, ಬೆಂಡೆಕಾಯಿ, ನಂಜನಗೂಡು ರಸಬಾಳೆ ಎಲ್ಲ ಚೀಲಕ್ಕೆ ಬಿದ್ದ ಮೇಲೆ ಕೈ ಮೂಸಿದೆ. ಲಾವಂಚ ಆಗ ತಾನೇ ಹದಕ್ಕೆ ಬಂದಿತ್ತು. ಹಚ್ಚಿದಾಗ ಹೊಗೆ ಹಿಡಿದ ಹಸಿ ಬೇರಿನ ಹಾಗಿದ್ದದ್ದು ಈಗ ಮಣ್ಣು, ತಂಪು, ಒಂಚೂರು ಸಿಹಿ. ಮಾರನೇ ದಿನ ಸೀರೆ ಸೆರಗಿನಲ್ಲೂ ಇತ್ತು. 3 ಮಿಲಿಗೆ 300 ರೂಪಾಯಿ, ಕೊಟ್ಟದ್ದಕ್ಕೆ ಮೋಸವಿಲ್ಲ.

ಮಲ್ಲಿಗೆ ವಿಷಯಕ್ಕೆ ಬಂದರೆ, ನಮ್ಮತ್ತೆ ಶ್ರೀರಂಗಪಟ್ಟಣದ ಕಡೆ ಹೂತೋಟದ ಮನೆಯಲ್ಲಿ ಹುಟ್ಟಿದವರು. ಕೈ ಮೂಸಿ ಮುಖ ಕಿವುಚಿದರು. "ಇದೇನವ್ವ, ಸೋಪಿನ ಪುಡಿ ಹಾಕ್ದಂಗೈತೆ. ಹೂವಂದ್ಮೇಲೆ ಒಂಚೂರು ಕೊಳೆತ ವಾಸ್ನೆನೂ ಇರ್ಬೇಕು." ಅಂಗಡಿಯವರು ನಕ್ಕರು. ಅತ್ತೆ ಹೇಳಿದ್ದು ಸರಿಯಾಗೇ ಇದೆ. ಮಲ್ಲಿಗೆಯಲ್ಲಿ ಇಂಡೋಲ್ ಅನ್ನೋ ವಸ್ತು ಇರುತ್ತದೆ. ಮಲದಲ್ಲಿ ಇರುವುದೂ ಅದೇ. ಕೊಂಚವೇ ಕೊಂಚ ಇದ್ದರೆ ಹೂವಿಗೆ ಮೈ ತುಂಬುತ್ತದೆ. ಅದನ್ನ ತೆಗೆದು ಬರೀ ಸಿಹಿ ಉಳಿಸಿದರೆ ಕೈಗೆ ಬರುವುದು ಬಾತ್‌ರೂಮಿನ ಪರಿಮಳ. ಅಸಲಿ ಮಲ್ಲಿಗೆ ತೆಗೆಯುವುದು ಸುಲಭವೂ ಅಲ್ಲ. ಮೊಗ್ಗು ಕಿತ್ತ ಮೇಲೂ ಪರಿಮಳ ಹುಟ್ಟುತ್ತಲೇ ಇರುತ್ತದೆ, ಹಬೆಯಲ್ಲಿ ಎಣ್ಣೆ ತೆಗೆಯಲು ಹೋದರೆ ಆ ಬಿಸಿಗೆ ಅದು ಕೆಡುತ್ತದೆ. "ಕಾಂಪೌಂಡೇ ಅಮ್ಮ, ಸುಳ್ಳು ಹೇಳಲ್ಲ" ಅಂತ, ಅಂದರೆ ಹೂವಿನದ್ದಲ್ಲ, ಬೆರೆಸಿ ಮಾಡಿದ್ದು ಅಂತ, ಅಂಗಡಿಯವರೇ ಒಪ್ಪಿಕೊಂಡರು. ಆ ಪ್ರಾಮಾಣಿಕತೆಗೆ ಒಂದು ನಕ್ಷತ್ರ ಜಾಸ್ತಿ. ಮಲ್ಲಿಗೆ ಬೇಕಿದ್ದವರು ಪಕ್ಕದ ಸಾಲಿನಲ್ಲಿ ಎರಡು ಮೊಳ ಹೂವನ್ನೇ ತಗೊಳ್ಳಿ.

ಗಂಧದೆಣ್ಣೆ ಇಲ್ಲಿ ತಗೊಳ್ಳಬೇಡಿ. ಅವರು ಹೇಳುವ ಬೆಲೆಗೆ ಅಸಲಿ ಬರೋಕೆ ಸಾಧ್ಯವೇ ಇಲ್ಲ. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯೂರೋಪಿಗೆ ಹೋಗುವುದು ನಿಂತಾಗ, 1916ರ ಸುಮಾರಿಗೆ ಇದೇ ಊರಿನಲ್ಲಿ ಎಣ್ಣೆ ತೆಗೆಯಲು ಶುರುಮಾಡಿದರು. ಮೈಸೂರಿಗೆ ಬಂದು ನಕಲಿ ಗಂಧ ಕೊಳ್ಳುವುದು ನನಗಂತೂ ಒಗ್ಗಲ್ಲ. ದುಬಾರಿಯಾದರೂ ಸರ್ಕಾರಿ ಮಳಿಗೆಗೇ ಹೋಗಿ.

ಇನ್ನು ಆ ಕಾಫಿ ಬೀಜದ ಡಬ್ಬ. ಮೂಗು ಸೋತಾಗ ಇದನ್ನ ಮೂಸಿ ಅಂತ ಮುಂದೆ ತಳ್ಳುತ್ತಾರೆ. ಮೂಗಲ್ಲಿ ವಾಸನೆ ಹಿಡಿಯುವ 400ರಷ್ಟು ಬಗೆಯ ಗ್ರಾಹಕಗಳಿವೆ (ರಿಸೆಪ್ಟರ್ ಅಂತಾರಲ್ಲ, ಅವು). ಒಂದೇ ವಾಸನೆ ಬಡಿಯುತ್ತಿದ್ದರೆ ಅದಕ್ಕೆ ಸ್ಪಂದಿಸುವುದನ್ನ ಕಡಿಮೆ ಮಾಡುತ್ತವೆ, ಅಷ್ಟೇ. ಅದರ ಮೇಲೆ ಕಾಫಿಯನ್ನೂ ಹೇರುವ ಬದಲು ಹೊರಗೆ ನಿಂತು ಗಾಳಿ ತಗೊಳ್ಳಿ. ಒಂದು ಸಲಕ್ಕೆ ಮೂರು ಗೆರೆಗಿಂತ ಹೆಚ್ಚು ಹಾಕಿಸಿಕೊಳ್ಳಲೂಬೇಡಿ.

ಒಂದು ದೂರಿದೆ. ಶೀಷೆಯ ಬಿರಡೆ ಸಡಿಲ. ಬಸ್ಸಿನಲ್ಲಿ ಲಾವಂಚ ಸೋರಿ ರಸಬಾಳೆ ಚಿಪ್ಪಿಗೆಲ್ಲ ಹತ್ತಿತು, ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಪ್ಲಾಸ್ಟಿಕ್ ಟೇಪ್ ಸುತ್ತಿಕೊಡಿ ಅಂತ ಕೇಳಿ, ಇಟ್ಟುಕೊಂಡಿರ್ತಾರೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಬಾಗಿಲು ಹಾಕಿರುತ್ತೆ. ಐದಕ್ಕೆ ನಾಲ್ಕು.